ಎರಡನೆಯ ಪರಿಶೀಲಕರಿಗೆ ಉತ್ತರ

ಮಾನ್ಯರೆ,
ನಮ್ಮ ಪ್ರಬಂಧದ ಏಳನೆಯ ಪುಟ, ಮೂರನೆಯ ಕೋಷ್ಟಕ.
ಕೆಂಪು ಗೆರೆ ಎಳೆದು ಕೇಳಿದ್ದೀರಿ:
ಪ್ರತಿ ಸುತ್ತಿನಲ್ಲೂ ಒಂದೇ ಕಡೆ ನಾಲ್ಕು ನಿಮಿಷ ನಿಲುಗಡೆ.
ಇಳಿಸಿದ್ದು ಇಲ್ಲ, ಏರಿಸಿದ್ದೂ ಇಲ್ಲ.
ಉಪಕರಣದ ದೋಷವೆ? ಹಾಗಿದ್ದರೆ ತೆಗೆದುಹಾಕಿ.

ನಾನೂ ಹಾಗೇ ಅಂದುಕೊಂಡಿದ್ದೆ.

ಫೆಜ್‌ನ ಹಳೆಯ ಊರೊಳಕ್ಕೆ ಲಾರಿ ಬರುವುದಿಲ್ಲ.
ಅರ್‌ಸೀಫ್ ಚೌಕದಲ್ಲಿ ಸರಕು ಇಳಿಯುತ್ತದೆ,
ಅಲ್ಲಿಂದಾಚೆಗೆ ಹೇಸರಗತ್ತೆಯ ಬೆನ್ನು.
ಸಿಮೆಂಟು, ಗ್ಯಾಸ್ ಸಿಲಿಂಡರು, ಹಸಿ ಚರ್ಮ,
ಮದುವೆಯ ಮಂಚ, ಒಮ್ಮೆ ಒಂದು ವಾಷಿಂಗ್ ಮಷೀನು.
ಅದರ ಗಾಜಿನ ಕಣ್ಣಲ್ಲಿ ಗಲ್ಲಿಯ ಆಕಾಶ
ತುಳುಕುತ್ತ ಹೋದದ್ದನ್ನು ನೋಡಿದ್ದೇನೆ.
ಅದಕ್ಕೆ ಕೋಷ್ಟಕ ಮಾಡಿಲ್ಲ.

ಹದಿನಾಲ್ಕು ಪ್ರಾಣಿ, ಹದಿನಾಲ್ಕು ಜೀನು,
ಹದಿನಾಲ್ಕು ಜಿಪಿಎಸ್ ಡಬ್ಬಿ; ನಾನೇ ಕೂತು ಹೊಲಿದೆ.
ಗೋಡೆಗಳು ಎತ್ತರ. ಉಪಗ್ರಹಕ್ಕೆ ನಮ್ಮ ಗಲ್ಲಿಯೆಂದರೆ
ಸೂಜಿಯ ಕಣ್ಣು.
ಪರದೆಯ ಚುಕ್ಕಿಗಳು ಗೋಡೆ ಹಾದು
ಯಾರದೋ ಅಡುಗೆಮನೆಗೆ ನುಗ್ಗುತ್ತಿದ್ದವು,
ಮಸೀದಿಯ ಹಸಿರು ಹೆಂಚಿನ ಮೇಲೆ ಅಡ್ಡಾಡುತ್ತಿದ್ದವು.
ಒಂದೊಂದನ್ನೂ ಕಿವಿಹಿಡಿದು ಬೀದಿಗೆ ತಂದೆ.
(ವಿಧಾನ: ಅನುಬಂಧ ಎರಡು.)

ಒಂಬತ್ತನೆಯ ಡಬ್ಬಿ ಮಾತ್ರ
ದಿನಕ್ಕೆ ಆರು ಸಲ, ಅದೇ ತಿರುವು,
ಅದೇ ನಾಲ್ಕು ನಿಮಿಷ. ಹನ್ನೊಂದು ವಾರ.
ಮಾನ್ಯರೆ, ದೋಷಕ್ಕೆ ಅಷ್ಟು ನಿಯತ್ತು ಇರುವುದಿಲ್ಲ.

ಬೆನ್ನಿಗೇ ಹೋದೆ.
ಪ್ರಾಣಿಯ ಹೆಸರು ಜರ್ಕಾ. ಬೂದು ಮೈ, ಎಡಗಿವಿ ಸೀಳು.
ನಡೆಸುವವನು ಬಾ ಖದ್ದೂರ್.
"ದಾರಿ! ದಾರಿ!" ಎಂದು ಊರನ್ನೆಲ್ಲ ಗೋಡೆಗೆ ಒತ್ತರಿಸಿ ಬಂದವನು
ನೀಲಿ ಬಾಗಿಲ ಅತಿಥಿಗೃಹದ ಮುಂದೆ
ಸುಮ್ಮನಾದ.
ಜರ್ಕಾ ನಿಂತಿತ್ತು.
ಮನೆಯೊಂದು ನಿಂತಂತೆ ನಿಂತಿತ್ತು.

ಖದ್ದೂರ್ ಸಿಗರೇಟು ಮುರಿದ. ಅರ್ಧ ತುಟಿಗೆ, ಅರ್ಧ ಕಿವಿಗೆ.
"ಇಲ್ಲಿ ಒಲೆಮನೆ ಇತ್ತು. ಕೇರಿಯ ರೊಟ್ಟಿಯೆಲ್ಲ ಇಲ್ಲೇ ಬೇಯುತ್ತಿತ್ತು.
ಇವಳ ಹಿಂದಿನ ಒಡೆಯ ಸೌದೆ ತರುತ್ತಿದ್ದ.
ಸೌದೆ ಇಳಿಸೋಕೆ ಇಷ್ಟು ಹೊತ್ತು ಬೇಕು.
ಕೊಂಡ ಹೊಸತರಲ್ಲಿ ಹೊಡೆದೆ, ಬೈದೆ,
ಬೇರೆ ಗಲ್ಲಿ ಹಿಡಿಸಿದೆ. ಅಲ್ಲಿ ದಾರಿಗಡ್ಡ ಮಲಗಿಬಿಟ್ಟಳು, ಮೊಟ್ಟೆಯ ಸಮೇತ!
ಅವತ್ತು ಮುನ್ನೂರು ಮೊಟ್ಟೆ.
ಈಗ ನಾನೂ ನಿಲ್ಲುತ್ತೇನೆ.
ಮಂಡಿಗೂ ಒಳ್ಳೆಯದು."

ಒಳಗಿಂದ ಪ್ರವಾಸಿಯೊಬ್ಬಳು ಬಂದು ಫೋಟೋ ತೆಗೆದಳು.
ಆಮೇಲೆ, ಯಾರೂ ಏನೂ ಹೇಳದೆ,
ಹೊರೆಯೊಂದು ಇಳಿದವರ ಹಾಗೆ
ಜರ್ಕಾ ಮೈ ಕೊಡವಿ ಹೊರಟಳು.
ಬೆನ್ನ ಮೇಲೆ ಸಿಮೆಂಟಿನ ಚೀಲಗಳು ಹಾಗೇ ಇದ್ದವು.
ಗಡಿಯಾರ ನೋಡಿದೆ:
ನಾಲ್ಕು ನಿಮಿಷ, ಹನ್ನೆರಡು ಸೆಕೆಂಡು.

ನಿಮ್ಮ ಲೆಕ್ಕ ಸರಿ.
ದಿನಕ್ಕೆ ಇಪ್ಪತ್ತನಾಲ್ಕು ನಿಮಿಷ ಉಳಿದರೆ
ಇನ್ನೊಂದು ಅರ್ಧ ಸುತ್ತು.
ಪುರಸಭೆ ತರಿಸಲಿರುವ ವಿದ್ಯುತ್ ಕೈಗಾಡಿ ಎಲ್ಲಿಯೂ ನಿಲ್ಲುವುದಿಲ್ಲವಂತೆ,
ಹಾಗೆಂದು ಕರಪತ್ರದಲ್ಲಿದೆ.
ಮೆಟ್ಟಿಲು ಹತ್ತುವುದಿಲ್ಲ ಎಂಬುದು
ಕರಪತ್ರದಲ್ಲಿಲ್ಲ.

ಕೋಷ್ಟಕ ತಿದ್ದಿದ್ದೇನೆ, ಅಳಿಸಿಲ್ಲ.
ನಿಲುಗಡೆಯ ಕಾರಣಗಳ ಅಂಕಣದಲ್ಲಿ
ದಟ್ಟಣೆ, ಚೌಕಾಸಿ, ನಮಾಜು, ಸಡಿಲಾದ ಹಗ್ಗ,
ಇವುಗಳ ಕೆಳಗೆ ಒಂದು ಸಾಲು ಹೊಸದು:
ಸೌದೆ ಇಳಿಸುವಿಕೆ.
ತೂಕ: ಸೊನ್ನೆ ಕಿಲೋ.
ಅವಧಿ: ಮೇಲಿನಂತೆ.

ಹದಿಮೂರನೆಯ ಪುಟದ ಅಲ್ಪವಿರಾಮದ ಬಗ್ಗೆ ನೀವು ಹೇಳಿದ್ದನ್ನು
ಪೂರ್ತಿ ಒಪ್ಪುತ್ತೇನೆ.
ಅಲ್ಲೊಂದು ಇರಬೇಕಿತ್ತು.
ಹಾಕಿದ್ದೇನೆ.